ಶ್ರೀಮಾನ್ ತುರ್ತು ಮಾಹಿತಿಯವರಿಗೆ ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಗೆ ಬರಲು ಹೊರಟು ರಸ್ತೆಗೆ ಮರ ಬಿದ್ದು ಅಲ್ಲೇ ನಿಂತಿರುವ ಗಣ್ಯರೇ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಏಕೋಪಾಧ್ಯಾಯ ಶಾಲೆಗಳಿಗೆ ಬೀಗ ಹಾಕಿ ಬಂದಿರುವ ಮೇಷ್ಟ್ರುಗಳೇ, ಟೀಚರುಗಳೇ,

ಶಿಕ್ಷಕರ ದಿನಾಚರಣೆಯಲ್ಲಿ ಒಬ್ಬ ಶಿಕ್ಷಕರಿಗೆ ಶಾಲು ಹೊದಿಸುವುದು ವಾಡಿಕೆ. ಈ ಸಲ ಅದನ್ನು ಮುರಿದಿದ್ದೇವೆ. ನಮ್ಮಲ್ಲಿ ಯಾರೂ ಬಹುಕಾಲ ನಿಲ್ಲುವುದಿಲ್ಲ. ವರ್ಗಾವಣೆಯ ಕೌನ್ಸೆಲಿಂಗ್ ಬಂತೆಂದರೆ ಬಯಲುಸೀಮೆಯವರು ಬಯಲಿಗೆ ಇಳಿಯುತ್ತಾರೆ, ಹುದ್ದೆ ಖಾಲಿ ಬೀಳುತ್ತದೆ, ಅತಿಥಿ ಶಿಕ್ಷಕರು ಬರುತ್ತಾರೆ, ಅವರ ಗೌರವಧನ ಮಾತ್ರ ಅತಿಥಿಯ ಹಾಗೆ ತಿಥಿ ನೋಡದೆ ಬರುತ್ತದೆ. ವರ್ಗಾವಣೆ ಕೇಳದ, ನಿವೃತ್ತಿಯಿಲ್ಲದ, ಒಂದು ಸಿ.ಎಲ್. ಕೂಡ ಹಾಕದ ಸಿಬ್ಬಂದಿ ನಮ್ಮ ಶಾಲೆಗಳಲ್ಲಿ ಇರುವುದು ಒಬ್ಬರೇ. ಅವರೇ ಇಂದಿನ ಸನ್ಮಾನಿತರು, ಇಲಾಖೆಯಿಂದ ಬರುವ ಶ್ರೀಮಾನ್ ತುರ್ತು ಮಾಹಿತಿಯವರು. ಚಪ್ಪಾಳೆ ಬರಲಿ.

ಸರ್ವಾಂತರ್ಯಾಮಿಗಳೇ,

ನಮ್ಮ ಕಡೆ ಕರೆಂಟು ಹೋದರೆ ಮೊಬೈಲ್ ಟವರೂ ಮಲಗುತ್ತದೆ. ಆದರೂ ತಾವು ಹತ್ತೂವರೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವತರಿಸಿ, ಹನ್ನೊಂದರೊಳಗೆ ಕಳಿಸಿ, ಶೂನ್ಯವಿದ್ದರೂ ಶೂನ್ಯವೆಂದೇ ಕಳಿಸಿ ಎಂದು ಅಪ್ಪಣೆ ಕೊಡಿಸುತ್ತೀರಿ. ತಮ್ಮ ದರ್ಶನಕ್ಕೆ ನಾವು ಶಾಲೆಯ ಹಿಂದಿನ ದರೆ ಹತ್ತುತ್ತೇವೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು. ಉಂಬಳ ಕೀಳಲು ಮೂರನೆಯ ಕೈ ಇನ್ನೂ ಮಂಜೂರಾಗಿಲ್ಲ. ಕೆಳಗೆ ಒಂದೇ ಕೋಣೆಯಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳೇ ಸೇರಿ ಕಟ್ಟಿದ 'ನಲಿ-ಕಲಿ' ಪದ್ಧತಿ ಇಂಥ ಶಾಲೆಗೆ ಹೇಳಿ ಮಾಡಿಸಿದ್ದು, ತಮಾಷೆಗಲ್ಲ, ನಿಜವಾಗಿಯೂ ಒಳ್ಳೆಯದು. ನಾನು ದರೆಯ ಮೇಲಿರುವಾಗ ಮಕ್ಕಳು ಅದರ ಮೊದಲರ್ಧವನ್ನು ತಾವೇ ನಡೆಸಿಕೊಳ್ಳುತ್ತಾರೆ. ಎರಡನೆಯರ್ಧ ನಾನು ಇಳಿದು ಬಂದ ಮೇಲೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ನಮ್ಮಲ್ಲಿ ಆ ಇನ್ನೊಬ್ಬರು ತಾವೇ ಎಂದು ಭಾವಿಸಿದ್ದೇವೆ.

ಜನಾನುರಾಗಿಗಳೇ,

ಅದೇ ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಕಲಮು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರೆ ರಾಜ್ಯ ನಡೆಯುವುದು ಹೇಗೆ? 2015ರಲ್ಲಿ ಜಾತಿ ಸಮೀಕ್ಷೆಗೆ ನಾವೇ ಹೋದೆವು. 2025ರ ಸೆಪ್ಟೆಂಬರ್ 22ರಿಂದ ಮತ್ತೊಮ್ಮೆ ಹೋದೆವು. ಅರವತ್ತು ಪ್ರಶ್ನೆ. ಬಯಲಿನಲ್ಲಿ ಒಂದು ಬೀದಿ ಮುಗಿಸುವ ಹೊತ್ತಿಗೆ ಇಲ್ಲಿ ಒಂದು ಮನೆ ಸಿಗುತ್ತದೆ. ನಡುವೆ ತೋಟ, ಹಳ್ಳ, ಕಾಲುಸಂಕ, ಕಟ್ಟಿರದ ನಾಯಿ. ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆ ಅಕ್ಟೋಬರ್ 18ರವರೆಗೂ ಬೆಳೆಯಿತು. ಮನೆಯಮ್ಮ ಕಾಫಿ ಕೊಟ್ಟು, ಕುಲಕಸುಬು, ಸಾಲ, ದನ-ಕರು ಎಲ್ಲ ಬರೆಸಿ, ಕೊನೆಗೆ ಕೇಳಿದ್ದು ಒಂದೇ: "ಮೇಷ್ಟ್ರೇ, ಶಾಲೆ ಬಾಗಿಲು ಯಾವಾಗ ತೆಗೀತೀರಿ?" ಆ ಪ್ರಶ್ನೆ ಅರವತ್ತರಲ್ಲಿ ಇರಲಿಲ್ಲ. ಹಾಗಾಗಿ ಉತ್ತರ ತುಂಬಲು ಜಾಗವೂ ಇರಲಿಲ್ಲ.

ನಾಮಪ್ರಿಯರೇ,

ತಮಗೆ ಹೆಸರುಗಳ ಮೇಲೆ ಎಷ್ಟು ಪ್ರೀತಿ! ಮಗುವಿನ ಹೆಸರು ಇಲಾಖೆಯ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಒಂದು, ಹೆಸರಿನ ನಡುವೆ ಒಂದು ಚುಕ್ಕಿ ಹೆಚ್ಚಾದರೂ ವಿದ್ಯಾರ್ಥಿ ಗುರುತಿನ 'ಅಪಾರ್' ಸಂಖ್ಯೆ ಹುಟ್ಟುವುದಿಲ್ಲ. ನರಸಿಂಹರಾಜಪುರವೆಂದು ಪೂರ್ತಿ ಬರೆದರೆ ಚೌಕ ತುಂಬಿ ಹೋಗುತ್ತದೆ, ಎನ್.ಆರ್. ಪುರ ಎಂದರೆ ತಾಳೆಯಾಗುವುದಿಲ್ಲ. 1904ರ ಡಿಸೆಂಬರ್ 29ರಂದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಒಂದು ಮಗು ಹುಟ್ಟಿತು. ಇವತ್ತು ಅದು ನನ್ನ ಶಾಲೆಗೆ ಸೇರಲು ಬಂದರೆ? ಹುಟ್ಟಿದ್ದು ತಾಯಿಯ ತವರಿನಲ್ಲಿ, ಮನೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ, ಅಂದರೆ ಬೇರೆ ಜಿಲ್ಲೆ. ಹೆಸರು ಪುಟ್ಟಪ್ಪ, ಜನ ಕರೆಯುವುದು ಕುವೆಂಪು. ತಾಳೆಯಾಗದ ಪ್ರಕರಣ. ಬಾಕಿ ಪಟ್ಟಿಯಲ್ಲಿ ನನ್ನ ಶಾಲೆ ಕೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು.

ನಮ್ಮೂರಿನ ಮಕ್ಕಳನ್ನು ಹಳದಿ ವ್ಯಾನು ಬೆಳಿಗ್ಗೆಯೇ ಇಂಗ್ಲಿಷ್ ಮೀಡಿಯಂಗೆ ಹೊತ್ತೊಯ್ಯುತ್ತದೆ. ಶಾಲೆ ಉಳಿದಿರುವುದು ಕಾಫಿ ತೋಟದ ಲೈನ್ ಮನೆಗಳ ಮಕ್ಕಳಿಂದ. ಅಸ್ಸಾಮಿನಿಂದ ಬಂದ ಹುಡುಗಿಯೊಬ್ಬಳು ಮಳೆಗಾಲ ಮುಗಿಯುವುದರೊಳಗೆ ನಮ್ಮ ಮಕ್ಕಳ ಜೊತೆ ಕನ್ನಡದಲ್ಲೇ ಜಗಳವಾಡುವಷ್ಟು ಮುಂದುವರಿದಳು. ಆದರೆ ಅವಳಿಗೆ ಟಿ.ಸಿ. ಇಲ್ಲ, ಸಂಖ್ಯೆ ಇಲ್ಲ. ಕೋಣೆಯಲ್ಲಿ ಇದ್ದಾಳೆ, ತಮ್ಮಲ್ಲಿಲ್ಲ. ಕೆಲಸ ಮುಗಿದು ಅವಳಪ್ಪ ಬೇರೆ ತೋಟಕ್ಕೆ ಹೋದಮೇಲೆ ಸಂಖ್ಯೆ ಬಂತು. ಈಗ ತಮ್ಮಲ್ಲಿದ್ದಾಳೆ, ಕೋಣೆಯಲ್ಲಿಲ್ಲ.

ಬಿಸಿಯೂಟದ ಮೊಟ್ಟೆಯ ವಿಷಯ ಹೆಚ್ಚು ಎತ್ತುವುದಿಲ್ಲ. ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ, ತಿನ್ನಲಿ. ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಬಾಳೆಹಣ್ಣು, ಸಿಪ್ಪೆ ಸುಲಿದ ಕೂಲಿ ಎಷ್ಟು ಪೈಸೆ ಎಂದು ತಮಗೆ ಕಳಿಸುವ ಲೆಕ್ಕದಲ್ಲಿ ನನ್ನ ಗಣಿತ ಸುಧಾರಿಸಿದೆ. ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಹಳಬ ಶಿಕ್ಷಕರೂ ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು ಎಂದಿರುವುದರಿಂದ ಈ ಗಣಿತ ಉಪಯೋಗಕ್ಕೂ ಬಂದೀತು.

ಅಕ್ಷರಪ್ರಿಯರೇ,

ಶೃಂಗೇರಿಯ ಶಾರದೆಯ ಸನ್ನಿಧಿಗೆ ಎಲ್ಲೆಲ್ಲಿಂದಲೋ ಜನ ಮಕ್ಕಳನ್ನು ಕರೆತಂದು ಅಕ್ಷರಾಭ್ಯಾಸ ಮಾಡಿಸುತ್ತಾರೆ. ಸ್ಲೇಟು ಹಿಡಿಸಿ, ಫೋಟೊ ತೆಗೆದು, ಪ್ರಸಾದ ಮುಗಿಸಿ, ಮಗುವನ್ನು ಕಾರಿಗೆ ಹತ್ತಿಸುತ್ತಾರೆ. ಅಲ್ಲಿಂದ ಕೂಗಳತೆಯ ಹಳ್ಳಿಗಳಲ್ಲಿ ನಾವು ಮೇ ತಿಂಗಳ ಬಿಸಿಲಿನಲ್ಲಿ ಮನೆ ಮನೆ ಸುತ್ತಿ, ಒಂದನೇ ತರಗತಿಗೆ ಒಂದು ಮಗು ಕೊಡಿ ಎಂದು ಬೇಡುತ್ತಿರುತ್ತೇವೆ. ಈ ದಾಖಲಾತಿ ಆಂದೋಲನದ ಫೋಟೊವೂ ತಮಗೆ ತಲುಪಿದೆ ಎಂದು ನಂಬಿದ್ದೇನೆ.

ಇನ್ನು ಕೊನೆಯ ಅರಿಕೆ. ಮೂರನೇ ತರಗತಿಯಲ್ಲಿ ಕಳೆಯುವ ಲೆಕ್ಕ ನಡೆಯುತ್ತಿತ್ತು, 52ರಲ್ಲಿ 27. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಐದರಿಂದ ಒಂದು ದಶಕ ಸಾಲ ತಂದೆವು. ಅಷ್ಟರಲ್ಲಿ ತಾವು ಬಂದಿರಿ. ಸಾಲ ಬೋರ್ಡಿನ ಮೇಲೆ ಹಾಗೇ ಇದೆ, ಮಕ್ಕಳು ದಿನಾ ಕೇಳುತ್ತಿದ್ದಾರೆ. ಆದ್ದರಿಂದ ಈ ಶಾಲು, ಈ ಪೇಟ, ಈ ಹಣ್ಣಿನ ಬುಟ್ಟಿ ಸ್ವೀಕರಿಸಿ, ಆ ಲೆಕ್ಕ ಮುಗಿಯುವವರೆಗಾದರೂ ತಾವು ಹೊರಗೆ ಜಗಲಿಯ ಮೇಲೆ ಕೂತಿರಬೇಕಾಗಿ ಮೂರು ತಾಲ್ಲೂಕಿನ ಪರವಾಗಿ ಕೇಳಿಕೊಳ್ಳುತ್ತೇನೆ.