ಗುಡ್ಡೋಪಜೀವಿ ವಿದ್ಯಾರ್ಥಿಯ ಬಹುಆಯಾಮೀಯ ಕಲಿಕಾಸಂರಚನೆ: ಪುತ್ತೂರು, ಸುಳ್ಯ, ಕಡಬ ಸಂದರ್ಭದಲ್ಲೊಂದು ತೌಲನಿಕ ನಿರ್ವಚನ

ಪ್ರಸ್ತುತ ಪ್ರಬಂಧವು ಆನ್‌ಲೈನ್ ಹಾಗೂ ಮುಖಾಮುಖಿ ಕಲಿಕೆಗಳ ಅಂತರ್‌ಸಂಬಂಧವನ್ನು ಜ್ಞಾನಮೀಮಾಂಸಾತ್ಮಕ ಪರಿಪ್ರೇಕ್ಷ್ಯದಲ್ಲಿ ಸಮಸ್ಯೀಕರಿಸುವ ವಿನಮ್ರ ಯತ್ನ. (ಅರ್ಥವಾಗದವರು ಚಪ್ಪಾಳೆ ತಟ್ಟುವುದು ವಿಚಾರಸಂಕಿರಣಗಳ ರೂಢಿ.)

ಆನ್‌ಲೈನ್ ಕಲಿಕೆಯಲ್ಲಿ ಮೂರು ಪ್ರಭೇದಗಳು. ಮೊದಲನೆಯದು ಜಗಲಿನಿಷ್ಠ. ಪುತ್ತೂರು ಪೇಟೆಯ ಆಸುಪಾಸಿನಲ್ಲಿ ಕಾಣಸಿಗುತ್ತದೆ. ಕ್ಯಾಮೆರಾ ಆಫ್ ಮಾಡಿ ಫ್ಯಾನಿನಡಿ ಮಲಗಿ ಹಾಜರಿ ಗಳಿಸುವುದು ಇದರ ಲಕ್ಷಣ. ಎರಡನೆಯದು ಗುಡ್ಡನಿಷ್ಠ. ರೇಂಜ್ ಹುಡುಕುತ್ತ ಗುಡ್ಡೆ ಹತ್ತಿ, ಟರ್ಪಾಲು ಕಟ್ಟಿ, ಉಂಬುಳಗಳಿಗೆ ರಕ್ತದಾನ ಮಾಡುತ್ತ ಅರ್ಥಶಾಸ್ತ್ರ ಕೇಳುವುದು. ಗುಡುಗಿದರೆ ಕರೆಂಟು ಹೋಯಿತು, ಕರೆಂಟು ಹೋದರೆ ಟವರು, ಟವರು ಹೋದರೆ ಹಾಜರಿ: ಇದಕ್ಕೆ ಈ ಲೇಖಕನು 'ಸರಣಿಪತನ ಸಿದ್ಧಾಂತ'ವೆಂದು ಹೆಸರಿಟ್ಟಿದ್ದಾನೆ. ಮೂರನೆಯದು... ಬಿಡಿ, ಅದು ಸೆಮಿನಾರಿನ ಪರದೆಯ ಮೇಲೆ ಮಾತ್ರ ಇರುತ್ತದೆ.

2021ರ ಮೇ ತಿಂಗಳಲ್ಲಿ ಯುಜಿಸಿ 'ಮಿಶ್ರ ಕಲಿಕೆ'ಯ ಕರಡು ಹೊರಡಿಸಿ, ಕೋರ್ಸಿನ ಶೇ 40ರಷ್ಟನ್ನು ಆನ್‌ಲೈನಿನಲ್ಲೇ ಕಲಿಸಬಹುದೆಂದಿತು. ಮರುತಿಂಗಳು ಸುಳ್ಯ ತಾಲೂಕಿನ ಗುತ್ತಿಗಾರು ಬಳಿಯ ಬಳ್ಳಕದಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಮಳೆಯಲ್ಲಿ ರಸ್ತೆಬದಿ ಕುಳಿತು ಪಾಠ ಕೇಳಿದಳು. ಅಪ್ಪ ಕೊಡೆ ಹಿಡಿದು ನಿಂತಿದ್ದರು. ಫೋಟೋ ದೇಶವೆಲ್ಲ ಸುತ್ತಿತು. ಫೋಟೋಕ್ಕೆ ಸಿಕ್ಕದ ಕಾಲೇಜು ಮಕ್ಕಳೂ ಇಂಥವೇ ಗುಡ್ಡೆಗಳಲ್ಲಿದ್ದರು. ಅಪ್ಪ ನಿಂತ ಆ ಹೊತ್ತು ನಲವತ್ತರಲ್ಲಿ ಸೇರುತ್ತದೋ, ಅರವತ್ತರಲ್ಲೋ? ಕರಡು ಬರೆದವರು ಹೇಳಬೇಕು.

ಇನ್ನು ಮುಖಾಮುಖಿ ಕಲಿಕೆಯ ತಾತ್ವಿಕ ಭಿತ್ತಿ. ಕಡಬ ಕಡೆಯ ಒಳಹಳ್ಳಿಯ ಹುಡುಗಿ ಬೆಳಗ್ಗೆ ತೋಟದ ಕಾಲುಸಂಕ ದಾಟಿ, ಮುಖ್ಯರಸ್ತೆಗೆ ನಡೆದು, ಪಾಸು ಹಿಡಿದು ಬಸ್ಸಿನಲ್ಲಿ ನೇತಾಡುತ್ತ ಕಾಲೇಜು ಸೇರುತ್ತಾಳೆ. ಹೊಳೆ ಏರಿದರೆ ಸಂಕವೂ ಇಲ್ಲ. ಆದರೂ ಹೋಗುತ್ತಾಳೆ. ಅರ್ಥವಾಗದ ಮುಖ ಮೇಷ್ಟ್ರಿಗೆ ಕಾಣುವುದು ಅಲ್ಲಿಯೇ. ಲೈಬ್ರರಿ, ಎನ್ನೆಸ್ಸೆಸ್, ಪಕ್ಕದ ಬೆಂಚಿನ ಗೆಳತಿ, ಮನೆಯವರಿಗೆ ಕೇಳಿಸದ ನಗು ಎಲ್ಲ ಅಲ್ಲಿಯೇ. 2019ರಲ್ಲಿ ಡಿಗ್ರಿಗೆ ಸೇರಿದವರಿಗೆ ಮೊದಲ ವರ್ಷ ಮುಗಿಯುವ ಮೊದಲೇ ಕೊರೊನಾದಿಂದ ಇದೆಲ್ಲ ನಿಂತುಹೋಯಿತು. ಅವರಿಗೆ ಅಂಕಪಟ್ಟಿ ಸಿಕ್ಕಿತು. ಕಾಲೇಜು ಪೂರ್ತಿ ಸಿಗಲಿಲ್ಲ. ಇದನ್ನು ಯಾವ ಪರಿಪ್ರೇಕ್ಷ್ಯದಲ್ಲಿ ಬರೆಯುವುದೋ ನನಗೆ ಗೊತ್ತಿಲ್ಲ, ಬರೆಯುವ ಮನಸ್ಸೂ ಇಲ್ಲ.

ಮಾನ್ಯ ವಿದ್ವಾಂಸರೇ, ಕರೆಂಟು ಹೋದರೂ ಸಾಯದ ಟವರು, ಮಳೆಗಾಲಕ್ಕೆ ನಿಲ್ಲುವ ಸಂಕ, ಬೆಳಗ್ಗೆ ಇನ್ನೊಂದು ಬಸ್ಸು ಬಂದ ಮೇಲೆ ತುಲನೆ ಮಾಡೋಣ. ಅದಕ್ಕೂ ಮೊದಲೇ ಸೆಮಿನಾರು ಆಗಬೇಕೆಂದಿದ್ದರೆ ಗುಡ್ಡೆಯ ಮೇಲೇ ಇಟ್ಟುಕೊಳ್ಳಿ, ಜುಲೈ ತಿಂಗಳಲ್ಲಿ.