ಸರಸ್ವತಿಗೆ ಕತ್ತರಿ

ಕಾಗದಕ್ಕೆ ಕಾಲು ತಾಗಿದರೆ ತಕ್ಷಣ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಕಲಿತು ಬೆಳೆದವನ ಕೈಗೆ ಕತ್ತರಿ ಕೊಟ್ಟು, ‘ಹಳೇ ಪತ್ರಿಕೆ ಕತ್ತರಿಸಿ ಮಕ್ಕಳಿಗೆ ಕೊಲಾಜ್ ಹೇಳಿಕೊಡಿ’ ಎಂದರೆ ಅವನ ಗತಿ ಏನು? ಅದೂ ಮೈಸೂರಿನ ಸರಸ್ವತಿಪುರಂನಲ್ಲೇ ಕೂತು ಸರಸ್ವತಿಗೆ ಕತ್ತರಿ ಹಾಕಬೇಕು! ಏಪ್ರಿಲ್‌ನಲ್ಲಿ ಶಾಲೆಗಳು ಬಾಗಿಲು ಹಾಕಿದ ಮೇಲೆ ನಮ್ಮ ಬೀದಿಯ ಮಕ್ಕಳಲ್ಲಿ ಕೆಲವರು ರಂಗಾಯಣದ ಚಿಣ್ಣರ ಮೇಳಕ್ಕೆ, ಕೆಲವರು ಈಜುಕೊಳಕ್ಕೆ ಹಂಚಿಹೋಗುತ್ತಾರೆ. ಎಲ್ಲೂ ಹೋಗದೆ ಉಳಿದವರು ಮನೆಯ ಸೋಫಾ ಮೇಲೆ ಕುಣಿಯುತ್ತಾರೆ. ಈ ಉಳಿದವರ ತಾಯಂದಿರೂ ನನ್ನ ಹೆಂಡತಿಯೂ ಗೇಟಿನ ಬಳಿ ಸಭೆ ಸೇರಿ, ನಿವೃತ್ತನಾಗಿ ಕೂತಿರುವ ನನ್ನನ್ನೂ ಅಟ್ಟದ ಮೇಲೆ ಕೂತಿರುವ ಹಳೆಯ ಪತ್ರಿಕೆಗಳನ್ನೂ ಒಟ್ಟಿಗೇ ಉಪಯೋಗಕ್ಕೆ ತರುವ ನಿರ್ಣಯ ಅಂಗೀಕರಿಸಿದರು. ಎರಡಕ್ಕೂ ಧೂಳು ಹಿಡಿದಿದೆ ಎಂಬುದು ಹೆಂಡತಿಯ ಅಭಿಪ್ರಾಯ.

ಅಟ್ಟದಿಂದ ಸುಧಾ, ತರಂಗ, ಮಯೂರ, ಕಸ್ತೂರಿ, ಚಂದಮಾಮಗಳು ಇಳಿದುವು. ಚಂದಮಾಮಕ್ಕೆ ಯಾರೂ ಕೈ ಹಚ್ಚುವಂತಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆವ ವಿಕ್ರಮನನ್ನು ಚಿತ್ರಕಾರ ಶಂಕರ್ ಬರೆದದ್ದು ಮಕ್ಕಳ ಕತ್ತರಿಗೆ ಬಲಿಯಾಗಲೆಂದಲ್ಲ. ಕತ್ತರಿಸಿದವರ ತಲೆ ಸಾವಿರ ಹೋಳಾದರೆ ಅವರ ಅಪ್ಪ ಅಮ್ಮನಿಗೆ ಉತ್ತರ ಹೇಳುವವನು ನಾನು. 1956ರಿಂದ ಬರುತ್ತಿದ್ದ ಅಂಗೈಯಗಲದ ಕಸ್ತೂರಿಯನ್ನು ಮಕ್ಕಳೇ ಪಕ್ಕಕ್ಕೆ ತಳ್ಳಿದರು: ‘ಇದ್ರಲ್ಲಿ ಬರೀ ಅಕ್ಷರ ಇದೆ ತಾತ.’ ಕಡೆಗೆ ಕತ್ತರಿಯ ಕೆಳಗೆ ತಲೆಯೊಡ್ಡಿದ್ದು ಈಚಿನ ವರ್ಷಗಳ ಹೊಳೆಯುವ ಸಂಚಿಕೆಗಳು. ಒಡವೆ, ರೇಷ್ಮೆ ಸೀರೆ, ಸೈಟು, ಶಾಂಪೂ; ನಡುವೆ ಅಲ್ಲಲ್ಲಿ ಲೇಖನ.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಪತ್ರಿಕೆಯ ಹೊಟ್ಟೆ ಬಗೆಯುವ ಕೆಲಸ ಮೊದಲು ಶುರು ಮಾಡಿದವಳು ನಮ್ಮಮ್ಮ. ವಾರವಾರವೂ ಪಿನ್ನು ಬಿಚ್ಚಿ ಧಾರಾವಾಹಿಯ ಹಾಳೆಗಳನ್ನಷ್ಟೇ ತೆಗೆದಿಟ್ಟು, ಕಥೆ ಮುಗಿದ ಮೇಲೆ ಬೈಂಡ್ ಮಾಡಿಸುತ್ತಿದ್ದಳು. ಆಗೆಲ್ಲ ಮನೆಮನೆಯಲ್ಲೂ ಇಂಥ ಪುಸ್ತಕಗಳಿದ್ದವು. ನಾಯಕಿ ಗಂಡನ ಮನೆ ಬಿಟ್ಟು ಹೊರಟ ಪುಟದ ಬೆನ್ನಿಗೆ ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನದ ಕೊನೆಯರ್ಧ. ಮೊದಲರ್ಧ ರದ್ದಿಗೆ ಹೋಗಿರುತ್ತಿತ್ತು. ನಮ್ಮ ಮನೆಯಲ್ಲಿ ಎಣ್ಣೆಗಾಯಿ ಬಹಳ ಕಾಲ ಒಗ್ಗರಣೆಯಿಂದಲೇ ಆರಂಭವಾಗುತ್ತಿತ್ತು. ನಾಯಕಿ ವಾಪಸು ಬರುವಷ್ಟರಲ್ಲಿ ಬದನೆಕಾಯಿ ಹೊತ್ತಿರುತ್ತಿತ್ತು.

ಆ ರಕ್ತ ನನ್ನಲ್ಲೂ ಹರಿಯುತ್ತಿರುವುದರಿಂದ, ಕತ್ತರಿಸಿದ ಪ್ರತಿ ಚೂರನ್ನೂ ಮಗುಚಿ ಹಿಂದೆ ಏನಿದೆ ಎಂದು ಓದದೆ ಮುಂದೆ ಹೋಗಲಾರೆ. ನೀಲಿ ಆಕಾಶದ ಹಿಂದೆ ಯಾರದೋ ಅರ್ಧ ಸಂದರ್ಶನ, ಮಾವಿನಹಣ್ಣಿನ ಹಿಂದೆ ಮುಕ್ಕಾಲು ಹನಿಗವನ. ಮಕ್ಕಳಿಗೆ ಈ ರೋಗವಿಲ್ಲ. ಅವರಿಗೆ ಕಾಗದದಲ್ಲಿ ಕಾಣುವುದು ಬಣ್ಣ ಒಂದೇ. ‘ತಾತ, ಆಮೇಲೆ ಓದ್ಕೊಳಿ, ಈಗ ಆಕಾಶ ಕೊಡಿ’ ಎಂದು ಕಿತ್ತುಕೊಳ್ಳುತ್ತಿದ್ದರು.

ಮೇಷ್ಟ್ರಿಕೆ ಸಿಕ್ಕಿದ ಮೇಲೆ ಚರಿತ್ರೆ ಹೇಳುವ ಚಪಲ ಬಿಡುತ್ತದೆಯೇ? 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆಯನ್ನು ಕುಂಚದಲ್ಲಿ ಬರೆಯುವ ಬದಲು, ಆ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನೇ ಚಿತ್ರಕ್ಕೆ ಅಂಟಿಸಿ, ಸುತ್ತ ಚೌಕಟ್ಟಿನ ಜಾಗದಲ್ಲಿ ಹಗ್ಗ ಸುತ್ತಿಬಿಟ್ಟ ಎಂದು ಹೇಳಿದೆ. ಅದೇ ವರ್ಷ ಅವನ ಗೆಳೆಯ ಬ್ರಾಕ್ ಮರದ ನಮೂನೆಯ ಗೋಡೆಕಾಗದ ಕತ್ತರಿಸಿ ಅಂಟಿಸಿದ. ‘ಅಂದ್ರೆ ಬರೆಯಕ್ಕೆ ಬೇಜಾರಾಗಿ ಅಂಟಿಸಿದ್ರಾ?’ ಎಂದ ನಾಲ್ಕನೇ ಕ್ಲಾಸಿನ ಹುಡುಗ. ಹೂಂ ಅಂದೆ. ಅಲ್ಲಿಂದ ಪಿಕಾಸೊ ಅವರ ಪಾರ್ಟಿ.

ನನಗೆ ಧೈರ್ಯ ಕೊಟ್ಟವಳು ಬೇರೆ. ಇಂಗ್ಲೆಂಡಿನ ಮೇರಿ ಡೆಲನಿ ಎಂಬಾಕೆ 18ನೇ ಶತಮಾನದಲ್ಲಿ, ತನ್ನ 72ನೇ ವಯಸ್ಸಿನ ಹೊತ್ತಿಗೆ, ಬಣ್ಣದ ಕಾಗದದ ಸಣ್ಣಸಣ್ಣ ಚೂರುಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಿಡಗಳನ್ನು ಮಾಡತೊಡಗಿದಳು. ಕಣ್ಣು ಸೋಲುವವರೆಗೆ ಮಾಡಿದ್ದು ಸಾವಿರಕ್ಕೆ ಹತ್ತಿರ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇದನ್ನು ಹೆಂಡತಿಗೆ ಭಕ್ತಿಯಿಂದ ವರ್ಣಿಸಿದೆ. ಅವಳು ಕಾಗದದ ಚೂರುಗಳು ಹರಡಿದ್ದ ಹಾಲನ್ನೊಮ್ಮೆ ನೋಡಿ, ‘ಆಕೆ ಕತ್ತರಿಸಿದ್ದನ್ನ ಗುಡಿಸೋರು ಯಾರಿದ್ರಂತೆ?’ ಎಂದಳು.

ಅಂಟು ಮನೆಯಲ್ಲೇ ಆಯಿತು: ಮೈದಾ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಮುಗಿಯಿತು. ಬೈಂಡಿಂಗ್‌ನವರು ಇದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಾರೆ, ಹುಳು ಹುಪ್ಪಟೆ ಬರದಿರಲಿ ಎಂದು. ಅದು ವಿಷ, ಮಕ್ಕಳ ಕೈಗೆ ಕೊಡುವಂತಿಲ್ಲ. ಹೀಗಾಗಿ ನಮ್ಮ ಕಲೆ ಜಿರಳೆಗಳ ಪಾಲಿಗೆ ದಾಸೋಹವಾಯಿತು. ಒಂದು ಹಸುವಿನ ಚಿತ್ರದಲ್ಲಿ ಬೆಳಗಾಗುವಷ್ಟರಲ್ಲಿ ಕೊಂಬೇ ಇರಲಿಲ್ಲ. ‘ಎಮ್ಮೆಕರು ಅಂತ ಹೆಸರು ಹಾಕಿ’ ಎಂದು ಮಾಡಿದವನೇ ಪರಿಹಾರ ಸೂಚಿಸಿದ.

ಮಡಿಸುವ ವಿದ್ಯೆಗೆ ಬಂದಾಗ ಕಾಗದದ ಜಾತಕ ತಿಳಿಯಬೇಕಾಯಿತು. ಸುದ್ದಿಪತ್ರಿಕೆಯನ್ನು ಒಂದು ದಿಕ್ಕಿಗೆ ಹರಿದರೆ ನೆಟ್ಟಗೆ ಗೆರೆ ಹಿಡಿದು ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಹರಿದರೆ ಎತ್ತೆತ್ತಲೋ ಹೋಗುತ್ತದೆ. ಕಾಗದ ಮಾಡುವ ಯಂತ್ರದಲ್ಲಿ ತಿರುಳು ಓಡುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗಿಬಿಡುತ್ತವೆ, ಅದಕ್ಕೇ ಹೀಗೆ. ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್‌ನ ಕಥೆಯನ್ನೂ ಸೇರಿಸಿ ವಿವರಿಸುತ್ತಿದ್ದೆ. ಅಷ್ಟರಲ್ಲಿ ಮಕ್ಕಳು ಪ್ರಯೋಗ ಮಾಡಿ ನೋಡಿದ್ದರು. ಅದಕ್ಕೆ ಆರಿಸಿಕೊಂಡದ್ದು ನಾನಿನ್ನೂ ಬಿಚ್ಚದ ಆವತ್ತಿನ ಪೇಪರು. ಹೊಳೆಯುವ ಹಾಳೆಯಂತೂ ಮಹಾ ಹಟಮಾರಿ. ಮಡಿಸಿ ಕೈ ತೆಗೆದರೆ ಅರ್ಧ ಬಿಚ್ಚಿಕೊಳ್ಳುತ್ತದೆ. ಉಗುರಿನಿಂದ ಒತ್ತಿ ತೀಡಿದರೆ ಮೇಲಿನ ಸುಣ್ಣದಂಥ ಲೇಪ ಒಡೆದು ಬಣ್ಣದ ನಡುವೆ ಬಿಳಿ ಬಿರುಕು ಬಿಡುತ್ತದೆ.

ಮದ್ರಾಸಿನ ಟಿ. ಸುಂದರ ರಾವ್ ಎಂಬುವರು ಬರೀ ಕಾಗದ ಮಡಿಸಿ ರೇಖಾಗಣಿತ ಕಲಿಯುವ ಇಂಗ್ಲಿಷ್ ಪುಸ್ತಕವೊಂದನ್ನು 1893ರಲ್ಲೇ ಪ್ರಕಟಿಸಿದ್ದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಮೆಚ್ಚಿ ಬರೆದದ್ದರಿಂದ ಅಮೆರಿಕದಲ್ಲೂ ಅಚ್ಚಾಯಿತು. ಅಂಥದೇ ಒಂದು ಮಡಿಕೆ ತೋರಿಸಿದೆ. ಚೌಕದ ಹಾಳೆಯನ್ನು ಉದ್ದಕ್ಕೆ ನಡುವೆ ಮಡಿಸಿ ಬಿಚ್ಚಿ, ಎಡಗಡೆ ಕೆಳಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಬಲಗಡೆ ಕೆಳಮೂಲೆಯನ್ನು ಎತ್ತಿ ನಡುಗೆರೆಯ ಮೇಲೆ ಕೂರಿಸಿ ಗುರುತು ಹಾಕಿ. ಆ ಗುರುತಿಗೂ ಎರಡು ಕೆಳಮೂಲೆಗಳಿಗೂ ಗೆರೆ ಸೇರಿಸಿದರೆ ಮೂರು ಬಾಹುಗಳೂ ಸಮ! ಅಳತೆಪಟ್ಟಿ ಬೇಡ, ಕೋನಮಾಪಕ ಬೇಡ. ಮಕ್ಕಳು ಅದನ್ನು ಕತ್ತರಿಸಿ ಸಮೋಸಾ ಎಂದು ಹೆಸರಿಟ್ಟರು.

ಆದರೆ ಅವರು ನಿಜಕ್ಕೂ ಬಾಯಿ ಬಿಟ್ಟುಕೊಂಡು ನೋಡಿದ್ದು ಬೀದಿ ಕೊನೆಯಲ್ಲಿ ಗಾಡಿ ನಿಲ್ಲಿಸುವ ಕಡಲೆಕಾಯಿಯವನನ್ನು. ಅಂಟಿಲ್ಲ, ದಾರವಿಲ್ಲ. ಎಡಗೈಯಲ್ಲಿ ಹಾಳೆ ಒಂದು ಸುತ್ತು ಸುತ್ತಿತು, ತಳದ ತುದಿ ಒಂದು ತಿರುವು ತಿರುಗಿತು, ಕಡಲೆಕಾಯಿ ಬಿತ್ತು, ಬಾಯಿ ಒಳಕ್ಕೆ ಮಡಚಿಕೊಂಡಿತು. ‘ಅಣ್ಣಾ, ಒಂದ್ಸಲ ನಿಧಾನಕ್ಕೆ ಮಾಡಿ’ ಎಂದರು. ಅವನು ಪ್ರಯತ್ನಿಸಿದ, ನಿಧಾನಕ್ಕೆ ಮಾಡಲು ಅವನ ಕೈಗೆ ಬರಲಿಲ್ಲ, ಪೊಟ್ಟಣ ಬಿಚ್ಚಿಹೋಯಿತು. ‘ಯೂಟ್ಯೂಬ್‌ನಲ್ಲಾದ್ರೆ ಸ್ಲೋ ಮಾಡ್ಬೋದಿತ್ತು’ ಎಂದು ಹುಡುಗನೊಬ್ಬ ಗೊಣಗಿ, ಬಿದ್ದ ಕಡಲೆಕಾಯಿ ಆರಿಸಿ ತಿಂದ.

ಕೊನೆಯ ವಾರ ‘ನಮ್ಮ ಮನೆಯವರು’ ಎಂಬ ವಿಷಯ ಕೊಟ್ಟೆ. ಅಪ್ಪಂದಿರು ಸಲೀಸಾಗಿ ಸಿಕ್ಕರು, ಪ್ಯಾಂಟು ಶರ್ಟಿನ ಜಾಹೀರಾತಿಗೆ ಬರವೇ? ಒಬ್ಬಳ ಅಮ್ಮ ಸ್ವತಃ ಪ್ರೆಶರ್ ಕುಕ್ಕರ್ ಆಗಿದ್ದಳು. ತಲೆಯ ಮೇಲೆ ಹತ್ತಿಯ ಹೊಗೆ. ಕಷ್ಟವಾದದ್ದು ಮೂರನೇ ಕ್ಲಾಸಿನ ಒಂದು ಹುಡುಗಿಗೆ. ಅವಳಿಗೆ ಅಜ್ಜಿ ಬೇಕಿತ್ತು. ಇಡೀ ರಾಶಿ ಜಾಲಾಡಿದರೂ ಸುಕ್ಕಿರುವ ಮುಖ ಸಿಗಲಿಲ್ಲ. ಇದ್ದಬದ್ದ ವೃದ್ಧರೆಲ್ಲ ವಿಮೆಯ ಜಾಹೀರಾತಿನವರು, ಮೂವತ್ತೆರಡೂ ಹಲ್ಲು ಗಟ್ಟಿಯಾಗಿರುವವರು. ಆಮೇಲೆ ಅವಳೊಂದು ಕೆಲಸ ಮಾಡಿದಳು. ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತಿನಿಂದ ಸುಂದರಿಯೊಬ್ಬಳ ಕೆನ್ನೆಯನ್ನು ಕತ್ತರಿಸಿ, ಮುಷ್ಟಿಯಲ್ಲಿ ಚೆನ್ನಾಗಿ ಮುದುಡಿ ಬಿಚ್ಚಿದಳು. ಲೇಪ ಒಡೆದು ಮುಖದ ತುಂಬ ಸಣ್ಣ ಬಿಳಿ ಗೆರೆಗಳೆದ್ದವು. ಶಾಂಪೂ ನೊರೆಯ ಕೂದಲು, ಬಳೆಗಳೆರಡರ ಕನ್ನಡಕ, ಬಾಯಲ್ಲಿ ಒಂದೇ ಒಂದು ಅಕ್ಕಿಕಾಳು. ಸುಕ್ಕು ಹೋಗಲಾಡಿಸುವ ಕ್ರೀಮಿಗೆ ಅಷ್ಟು ಒಳ್ಳೆಯ ಉಪಯೋಗವನ್ನು ನಾನಂತೂ ಕಂಡಿಲ್ಲ. ಚಿತ್ರವನ್ನು ರಟ್ಟಿಗೆ ಅಂಟಿಸಿ ಜಗಲಿಯಲ್ಲಿ ನಿಲ್ಲಿಸಿದೆವು.

ಶಿಬಿರ ಮುಗಿದ ದಿನ ಹೆಂಡತಿ ರದ್ದಿಯವನನ್ನು ಕರೆದಳು. ಅವನು ಒಂದು ಸಂಚಿಕೆ ಎತ್ತಿ ಹಾಳೆ ತಿರುವಿದ. ಕಿಟಕಿ ಕೊರೆದ ಪುಟಗಳ ಮೂಲಕ ನನ್ನ ಮುಖ ಅವನಿಗೆ, ಅವನ ಮುಖ ನನಗೆ ಕಂಡಿತು.

‘ಇದು ಬೇಡ ಸಾರ್. ಪೊಟ್ಟಣ ಕಟ್ಟಿದ್ರೆ ಬೇಳೆಯೆಲ್ಲ ಸೋರೋಗತ್ತೆ. ಬೇಕಾದ್ರೆ ಆ ರಟ್ಟು ಕೊಡಿ, ತಗೋತೀನಿ.’ ಅವನ ಬೆರಳು ಅಜ್ಜಿಯ ಕಡೆಗಿತ್ತು.

ಹುಡುಗಿ ಅಲ್ಲೇ ಇದ್ದಳು. ‘ಎಷ್ಟು ಕೊಡ್ತೀರ?’ ಎಂದಳು, ಬಹಳ ವ್ಯವಹಾರಸ್ಥೆಯಂತೆ.

ಅವನು ಅಜ್ಜಿಯನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದ. ‘ಕಾಲು ಕೆಜಿನೂ ಇಲ್ಲ ಬಿಡಮ್ಮ.’

‘ಸುಳ್ಳು! ನಮ್ಮಜ್ಜಿ ಅರವತ್ತೆಂಟು ಕೆಜಿ ಇದ್ದಾಳೆ. ನಿಮ್ಮ ತಕ್ಕಡಿ ಸರಿ ಇಲ್ಲ’ ಎಂದು ಕಿತ್ತುಕೊಂಡು ಮನೆಗೆ ಓಡಿದಳು.