ಟಿಪ್ಸ್ ರಾಯರು

ಟಿಪ್ಸ್ ರಾಯರು ಪಂಚತಾರಾ ಹೋಟೆಲಿಗೆ ಹೊರಟರೆಂದರೆ ಹಿಂದಿನ ರಾತ್ರಿಯೇ ತಯಾರಿ ಶುರುವಾಗುತ್ತದೆ. ಅಂಗಿಯ ಜೇಬಿಗೆ ಹತ್ತರ ನೋಟುಗಳು, ಪ್ಯಾಂಟಿನ ಬಲಜೇಬಿಗೆ ಐವತ್ತರವು, ಎಡಜೇಬಿಗೆ ನೂರರವು. ಇಪ್ಪತ್ತರ ನೋಟಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಅದು ಕೊಟ್ಟವನಿಗೆ ಜಾಸ್ತಿ ಅನ್ನಿಸುತ್ತದೆ, ತೆಗೆದುಕೊಂಡವನಿಗೆ ಕಮ್ಮಿ ಅನ್ನಿಸುತ್ತದೆ ಎಂದು ಅವರ ವಾದ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಶುರುವಾಗಿ ಮ್ಯಾನೇಜರ್ ಕುರ್ಚಿಯಲ್ಲಿ ನಿವೃತ್ತರಾದವರು. ಆದ್ದರಿಂದ ನೋಟುಗಳೆಲ್ಲ ಗರಿಗರಿ. ಮಾಸಿದ ನೋಟನ್ನು ಟಿಪ್ಸ್ ಕೊಡುವುದು ಎಂಜಲು ಬಡಿಸಿದ ಹಾಗೆ ಎನ್ನುತ್ತಾರೆ.

ಬೆಂಗಳೂರಾಗಲಿ, ಮೈಸೂರಾಗಲಿ, ಮಂಗಳೂರಾಗಲಿ, ದೊಡ್ಡ ಹೋಟೆಲಿನ ಲಾಂಜಿನಲ್ಲಿ ಇಂಥ ರಾಯರೊಬ್ಬರು ಇದ್ದೇ ಇರುತ್ತಾರೆ. ಹೆಸರು ಗೌಡರಿರಬಹುದು, ಶೆಟ್ಟರಿರಬಹುದು, ಪಾಟೀಲರಿರಬಹುದು. ಬಿಲ್ಲು ಬರುವುದಕ್ಕೆ ಮೊದಲೇ ಜೇಬಿಗೆ ಹೋದ ಕೈ ಬಿಲ್ಲು ಪಾವತಿಯಾದ ಮೇಲೂ ಹೊರಗೆ ಬಂದಿಲ್ಲವಾದರೆ, ಅವರೇ. ಜಿಪುಣರು ಎಂದು ತಿಳಿದರೆ ಅನ್ಯಾಯವಾದೀತು. ದುಡ್ಡು ಹೋಗುತ್ತದೆಂಬ ಸಂಕಟ ಅವರಿಗಿಲ್ಲ, ತಪ್ಪಾಗಿ ಹೋಗುತ್ತದೆಂಬ ಸಂಕಟ ಇದೆ. ಕಡಿಮೆ ಕೊಟ್ಟರೆ ಹುಡುಗ ಮನಸ್ಸಿನಲ್ಲಿ ಏನಂದುಕೊಂಡಾನೋ, ಜಾಸ್ತಿ ಕೊಟ್ಟರೆ ಪಕ್ಕದ ಸೋಫಾದವರು ಏನಂದುಕೊಂಡಾರೋ. ಈ ಎರಡರ ನಡುವೆ ಕಾಫಿ ಆರಿ ತಣ್ಣಗಾಗಿರುತ್ತದೆ.

ದರ್ಶಿನಿಯಲ್ಲಿ ಈ ಕಷ್ಟ ಇಲ್ಲ. ಟೋಕನ್ ತೆಗೆದುಕೊಂಡು, ತಾವೇ ತಟ್ಟೆ ಎತ್ತಿಕೊಂಡು, ನಿಂತೇ ತಿಂದು ಬಂದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಬಸವನಗುಡಿಯ ವಿದ್ಯಾರ್ಥಿ ಭವನದಂಥ ಹಳೆಯ ಹೋಟೆಲುಗಳಲ್ಲೂ ರಾಯರು ನಿರಾಳವಾಗಿದ್ದರು. ದೋಸೆಯ ತಟ್ಟೆಗಳನ್ನು ತೋಳಿನುದ್ದಕ್ಕೂ ಪೇರಿಸಿಕೊಂಡು ಬರುವ ಮಾಣಿಗೆ ಎಷ್ಟು ಕೊಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಲ್ಲಿನ ಚಿಲ್ಲರೆ ವಾಪಸು ಬರುತ್ತಿತ್ತು, ನೋಟು ಜೇಬಿಗೆ, ನಾಣ್ಯ ತಟ್ಟೆಗೆ. 2016ರಲ್ಲಿ ಯುಪಿಐ ಬಂದು ಆ ಸುಖಕ್ಕೂ ಕಲ್ಲು ಹಾಕಿತು. ಈಗ 187 ರೂಪಾಯಿ ಬಿಲ್ಲಾದರೆ ಫೋನಿನಿಂದ ಸರಿಯಾಗಿ 187 ರೂಪಾಯಿಯೇ ಹೋಗುತ್ತದೆ. ಉಳಿಯಲು ಚಿಲ್ಲರೆಯೇ ಇಲ್ಲ. ಟಿಪ್ಸ್ ಕೊಡಬೇಕಾದರೆ ಬೇರೆಯದಾಗಿ ಮನಸ್ಸು ಮಾಡಬೇಕು, ರಾಯರಿಗೆ ಕಷ್ಟವಾಗುವುದೂ ಅದೇ.

ಲಾಂಜಿನ ಕಥೆ ಇನ್ನೂ ಬೇರೆ. ಕೂತರೆ ಏಳಲಾಗದಷ್ಟು ತಗ್ಗಿನ ಸೋಫಾ. ಕಾಫಿ ತರುವ ಹುಡುಗ ಬಗ್ಗಿ, ಹೆಸರು ಕೇಳಿಕೊಂಡು, ನಕ್ಕು ಮಾತಾಡಿಸುತ್ತಾನೆ. ಸೋಫಾದವರೆಗೆ ತಲುಪುವಷ್ಟರಲ್ಲೇ ಸಾಲುಸಾಲು ಪರೀಕ್ಷೆಗಳು. ಬಾಗಿಲಲ್ಲಿ ಪೇಟ ಸುತ್ತಿ ಮೀಸೆ ತಿರುವಿದ ದ್ವಾರಪಾಲಕರು ಹೊಡೆಯುವ ಸಲ್ಯೂಟಿಗೆ ರಾಯರು ತಾವೂ ಒಂದು ಸಲ್ಯೂಟ್ ಹೊಡೆದು ಲೆಕ್ಕ ಚುಕ್ತಾ ಮಾಡುತ್ತಾರೆ. ಕಾರು ನಿಲ್ಲಿಸಿಕೊಡುವ ಹುಡುಗನಿಗೆ ಬರುವಾಗ ಕೊಡಬೇಕೋ, ಹೋಗುವಾಗ ಕೊಡಬೇಕೋ, ಎರಡು ಸಲವೂ ಕೊಡಬೇಕೋ ಎಂಬುದು ಇತ್ಯರ್ಥವಾಗದೆ ಕಾರು ಮನೆಯಲ್ಲೇ ಉಳಿಯಿತು. ಈಗ ಆಟೋದಲ್ಲಿ ಬಂದು ಗೇಟಿನಲ್ಲಿ ಇಳಿದು ನಡೆಯುತ್ತಾರೆ. ಶೌಚಾಲಯದಲ್ಲಿ ಕೈ ಒರೆಸಲು ಕಾಗದ ಹಿಡಿದು ನಿಂತವನನ್ನು ಕಂಡರೆ ಒದ್ದೆ ಕೈಯಲ್ಲೇ ಜೇಬು ತಡಕಿ, ಗರಿಗರಿ ನೋಟನ್ನು ನೆನೆಸಿ ಕೊಡುತ್ತಾರೆ.

ಇವೆಲ್ಲ ಸಣ್ಣಪುಟ್ಟವು. ದೊಡ್ಡದೆಂದರೆ ಹೆಣ್ಣು ನೋಡಿದ ದಿನದ್ದು.

ಬೆಂಗಳೂರಿನಲ್ಲಿ ಈಗ ಹೆಣ್ಣು-ಗಂಡು ನೋಡುವ ಶಾಸ್ತ್ರ ಮನೆಯಿಂದ ಲಾಂಜಿಗೆ ಬಂದಿದೆ. ಮನೆ ಗುಡಿಸಬೇಕಿಲ್ಲ, ಉಪ್ಪಿಟ್ಟು-ಕೇಸರಿಬಾತು ಮಾಡಬೇಕಿಲ್ಲ, ಒಪ್ಪಿಗೆಯಾಗದಿದ್ದರೆ ಬೀದಿಯವರಿಗೆ ಉತ್ತರ ಹೇಳಬೇಕಿಲ್ಲ. ರಾಯರು ಹುಡುಗನ ಸೋದರಮಾವ. ಜೊತೆಗೆ ಹುಡುಗ, ಅವನ ತಾಯಿ, ಆ ಕಡೆಯಿಂದ ಹುಡುಗಿ ಮತ್ತು ಆಕೆಯ ತಂದೆ. ಹಿರಿಯರಂತೆ ಕಾಣುವ ಒಬ್ಬರು ಇರಲಿ ಎಂದು ಕರೆಸಿಕೊಂಡಿದ್ದ ಈ ಲೇಖಕ ಆರನೆಯವ. ಆರು ಕಾಫಿ ಬಂತು. ಮಾತು ಚೆನ್ನಾಗಿಯೇ ನಡೆಯಿತು. ಬಿಲ್ಲಿನ ಕರಿ ಫೋಲ್ಡರ್ ಬಂದಾಗ ಹುಡುಗಿಯ ತಂದೆ ಕೈ ಚಾಚಿದರು. ರಾಯರು ಅದನ್ನು ಕಿತ್ತುಕೊಂಡೇಬಿಟ್ಟರು. ಇಲ್ಲಿಯವರೆಗೆ ಎಲ್ಲರಿಗೂ ಸಂತೋಷ.

ರಾಯರು ಕನ್ನಡಕ ಏರಿಸಿ ಓದಿದರು. ಕಾಫಿ ಒಂದಕ್ಕೆ 425ರಂತೆ 2,550. ಅದರ ಮೇಲೆ ಶೇಕಡಾ 10 ಸೇವಾ ಶುಲ್ಕ, 255. ಎರಡನ್ನೂ ಕೂಡಿಸಿದ 2,805ರ ಮೇಲೆ ಶೇಕಡಾ 18 ಜಿಎಸ್‌ಟಿ, ಯಾಕೆಂದರೆ ಇದು ರಾತ್ರಿಗೆ 7,500 ರೂಪಾಯಿಗೂ ಮೇಲ್ಪಟ್ಟ ಕೋಣೆಗಳಿರುವ ಹೋಟೆಲು. ಬೀದಿಯ ಹೋಟೆಲಿನಲ್ಲಾದರೆ ಶೇಕಡಾ 5. ಒಟ್ಟು 3,309 ರೂಪಾಯಿ 90 ಪೈಸೆ.

"ಸೇವಾ ಶುಲ್ಕದ ಮೇಲೂ ತೆರಿಗೆ!" ಎಂದರು ರಾಯರು. ಲಾಂಜಿನಲ್ಲಿ ಪಿಯಾನೋ ನುಡಿಸುತ್ತಿದ್ದವನೂ ತಿರುಗಿ ನೋಡಿದ.

ರಾಯರ ಚೀಲದಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ಅದರ ಮೊದಲ ಹಾಳೆ: ಹೋಟೆಲಿನವರು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಹೋಟೆಲ್ ಮಾಲೀಕರ ಸಂಘಗಳು ಕೋರ್ಟಿಗೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ತಂದಿದ್ದವು. ಎರಡನೆಯ ಹಾಳೆ 2025ರ ಮಾರ್ಚ್ 28ರದು, ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿ ಹಾಕಿದ್ದ ಎರಡು ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿದ ತೀರ್ಪು. ಮುಖ್ಯವಾದ ಸಾಲುಗಳಿಗೆ ಹಳದಿ ಬಳಿದಿದ್ದರು.

ಕಾಫಿ ತಂದ ಹುಡುಗ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರ್ ನಗುನಗುತ್ತ "ಅದು ಇಷ್ಟವಿದ್ದರೆ ಮಾತ್ರ ಸರ್" ಅಂದರು. "ಇಷ್ಟವಿದ್ದರೆ ಮಾತ್ರ ಅನ್ನೋದನ್ನ ಅಚ್ಚು ಹಾಕಿ ಕೊಡ್ತೀರಾ?" ಅಂದರು ರಾಯರು. ಹುಡುಗನ ತಾಯಿ ಮೆಲ್ಲಗೆ, "ಅಣ್ಣಾ, ಸಾಕು ಬಿಡೋ" ಅಂದರು. ಹುಡುಗಿಯ ತಂದೆ ಗಡಿಯಾರ ನೋಡಿದರು. ಈ ಲೇಖಕ ಗೋಡೆಯ ಮೇಲಿನ ದಸರಾ ಚಿತ್ರದಲ್ಲಿ ಆನೆಗಳ ಕಾಲು ಎಣಿಸುತ್ತಿದ್ದ. ಬಿಲ್ಲು ಒಳಗೆ ಹೋಯಿತು, ರದ್ದಾಯಿತು, ಹೊಸದು ಬರಲು ಕಂಪ್ಯೂಟರ್ ತಕರಾರು ಮಾಡಿತು. ಹುಡುಗ-ಹುಡುಗಿಗೆ ಮಾತಾಡಲು ಇಷ್ಟು ಹೊತ್ತು ಯಾವ ಹಿರಿಯರೂ ಕೊಟ್ಟಿರಲಾರರು. ಅವರಿಬ್ಬರೂ ಮಾತು ಬಿಟ್ಟು ರಾಯರನ್ನೇ ನೋಡುತ್ತಿದ್ದರು.

ಕೊನೆಗೂ ಹೊಸ ಬಿಲ್ಲು ಬಂತು: 3,009 ರೂಪಾಯಿ. ರಾಯರು ಕಾರ್ಡು ಕೊಟ್ಟರು. ಆಮೇಲೆ ಎಡಜೇಬಿಗೆ ಕೈ ಹಾಕಿ ಮೂರು ಹೊಸ ನೂರರ ನೋಟು ತೆಗೆದು, ಕಾಫಿ ತಂದ ಹುಡುಗನ ಕೈಗೆ ನೇರವಾಗಿ ಇಟ್ಟರು.

ಮುಕ್ಕಾಲು ಗಂಟೆಯ ಹೋರಾಟಕ್ಕೆ ನಿವ್ವಳ ಲಾಭ 90 ಪೈಸೆ.

ಆ ಸಂಬಂಧ ಕೂಡಿಬರಲಿಲ್ಲ. ಹುಡುಗಿಗೆ ಕೆನಡಾಕ್ಕೆ ಹೋಗುವ ಆಸೆ, ಹುಡುಗನಿಗೆ ಬನಶಂಕರಿ ಬಿಡುವ ಮನಸ್ಸಿಲ್ಲ. ಆದರೆ ಮನೆಯವರ ದಾಖಲೆಯಲ್ಲಿ ಕಾರಣ ಇವತ್ತಿಗೂ ಆ 255 ರೂಪಾಯಿಯೇ.

ರಾಯರ ಅಮೆರಿಕದ ಕಥೆಯನ್ನು ಅವರ ಮಗನ ಬಾಯಿಂದ ಕೇಳಬೇಕು. ನ್ಯೂಜೆರ್ಸಿಯಲ್ಲಿ ತಾವೇ ಸಾಲಿನಲ್ಲಿ ನಿಂತು, ತಾವೇ ಲೋಟ ಎತ್ತಿಕೊಂಡ ಕಾಫಿಗೆ ಕೌಂಟರಿನವಳು ಪರದೆ ತಿರುಗಿಸಿ ಟಿಪ್ಸ್ ಶೇಕಡಾ 18, 20, 25 ಎಂದು ತೋರಿಸಿದಾಗ, "ದರ್ಶಿನಿಯಲ್ಲಿ ಇಷ್ಟೇ ಕೆಲಸ ಮಾಡಿದ್ದಕ್ಕೆ ನನಗೇ ಯಾರೂ ಕೊಟ್ಟಿರಲಿಲ್ಲವಲ್ಲೋ" ಅಂದರಂತೆ. ಆಮೇಲೆ ಮಗ ಅಲ್ಲಿನ ಕಾನೂನು ವಿವರಿಸಿದ. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ಕೊಡಲೇಬೇಕಾದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಏರಿಲ್ಲ. ಟಿಪ್ಸ್ ಸೇರಿಯೂ 7 ಡಾಲರ್ 25 ಸೆಂಟ್ ಆಗದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕ ತುಂಬಬೇಕು. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿ ಮಾಡಿವೆ, ಆ ಮಾತು ಬೇರೆ. ರಾಯರು ಕೇಳಿ ಸುಮ್ಮನಾದರು. ಅಲ್ಲಿದ್ದಷ್ಟು ದಿನವೂ ಮರುಮಾತಿಲ್ಲದೆ ಇಪ್ಪತ್ತು ಒತ್ತಿದರು. ಬರುವ ದಾರಿಯಲ್ಲಿ ಟೋಕಿಯೋದಲ್ಲಿ ಇಳಿದಾಗ ಅವರಿಗೆ ನೆಮ್ಮದಿ ಸಿಕ್ಕಿತು, ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ಅಲ್ಲಿನ ದೊಡ್ಡ ಹೋಟೆಲುಗಳು ಸೇವಾ ಶುಲ್ಕವನ್ನು ಬಿಲ್ಲಿನಲ್ಲೇ ಸೇರಿಸುತ್ತವೆ ಎಂಬುದನ್ನು ಮಗ ಹೇಳಿಲ್ಲ. ಬಿಲ್ಲು ಜಪಾನಿ ಲಿಪಿಯಲ್ಲಿತ್ತು.

ಮಗ ಬೆಂಗಳೂರಿಗೆ ಬಂದಾಗ ಕಂಪನಿಯ ಲೆಕ್ಕದಲ್ಲಿ ಹೋಟೆಲಿನ ಮೇಲಂತಸ್ತಿನಲ್ಲಿ ಇಳಿದು, ಅಪ್ಪನನ್ನು ಕ್ಲಬ್ ಲಾಂಜಿಗೆ ಕರೆದೊಯ್ದ. ಅಲ್ಲಿ ಕಾಫಿ, ತಿಂಡಿ, ಸಂಜೆಯ ಪಾನೀಯ ಎಲ್ಲ ಕೋಣೆಯ ಬಾಡಿಗೆಯಲ್ಲೇ ಸೇರಿರುತ್ತದೆ, ಬಿಲ್ಲೇ ಬರುವುದಿಲ್ಲ. ರಾಯರು ಕಂಗಾಲಾದರು. ಸೊನ್ನೆಗೆ ಶೇಕಡಾ ಹತ್ತು ಎಷ್ಟು? ನೂರರ ನೋಟನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿಕೊಂಡು ಕಾಫಿ ಮಷೀನಿಗೆ ಎರಡು ಪ್ರದಕ್ಷಿಣೆ ಹಾಕಿ, ಕೊನೆಗೆ ಸಾಸರಿನ ಕೆಳಗೆ ಇಟ್ಟು ಹೊರಟರು. ಲಿಫ್ಟಿನ ಬಳಿ ಹುಡುಗಿಯೊಬ್ಬಳು ಓಡಿಬಂದು, "ಸರ್, ನಿಮ್ಮ ದುಡ್ಡು ಬಿಟ್ಟುಹೋಗಿತ್ತು" ಎಂದು ವಾಪಸು ಕೊಟ್ಟಳು. ರಾಯರು ಥ್ಯಾಂಕ್ಸ್ ಹೇಳಿ ಇಸಿದುಕೊಂಡರು. ಬೇರೇನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ. ಹೇಳಬೇಕೆಂದರೆ, ಅಂಥ ಕಡೆ ಸುಲಭವಾದ ದಾರಿ ಇದೆ: ದಿನಾ ಹೋಗುತ್ತಿದ್ದರೆ ಹೊರಡುವ ದಿನ, ನೋಡಿಕೊಂಡವರ ಕೈಗೆ, ಇದು ನಿಮಗೆ ಎಂದು ಬಾಯಿಬಿಟ್ಟು ಹೇಳಿ ಕೊಡುವುದು. ಕೊಡದೆ ಬಂದರೂ ಯಾರೂ ಅಡ್ಡಗಟ್ಟುವುದಿಲ್ಲ.

ಹೆಣ್ಣು ನೋಡಿದ ದಿನದ ಕಥೆ ಮನೆಯವರು ಹೇಳುವಾಗ 90 ಪೈಸೆಗೇ ಮುಗಿಯುತ್ತದೆ. ಆಮೇಲೂ ಸ್ವಲ್ಪ ಇತ್ತು. ನೋಟು ತೆಗೆದುಕೊಂಡ ಹುಡುಗ ಅದನ್ನು ಜೇಬಿಗೆ ಹಾಕಲಿಲ್ಲ. ಎಲ್ಲ ಒಂದು ಪೆಟ್ಟಿಗೆಗೆ ಹಾಕುತ್ತೇವೆ, ತಿಂಗಳ ಕೊನೆಗೆ ಪಾಯಿಂಟ್ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ ಅಂದ. ರಾಯರು ಮತ್ತೆ ಕೂತರು. "ಪಾತ್ರೆ ತೊಳೆಯೋರಿಗೂ ಇದೆಯೇನಪ್ಪಾ?" ಇದೆ, ಆದರೆ ಪಾಯಿಂಟ್ ಕಡಿಮೆ. "ಮ್ಯಾನೇಜರಿಗೆ?" ಹುಡುಗ ಸುಮ್ಮನೆ ನಕ್ಕ. ಊರು ಯಾವುದೆಂದು ಕೇಳಿದರೆ ಸಿಲ್ಚಾರ್ ಅಂದ. ರಾಯರು ಬಡ್ತಿ ಸಿಕ್ಕಿದಾಗ ಎರಡು ವರ್ಷ ಅಲ್ಲೇ ಇದ್ದವರು, ಹೆಂಡತಿ-ಮಗನನ್ನು ಇಲ್ಲಿ ಬಿಟ್ಟು. ಅಲ್ಲಿಂದ ತಂದ ಬಂಗಾಳಿಯ ಎರಡು ವಾಕ್ಯಗಳನ್ನು ಹುಡುಕಿ ತೆಗೆದು ಆಡಿದರು. ಅದರಲ್ಲಿ ಒಂದು ತಪ್ಪಾಗಿತ್ತು ಎಂದು ಕಾಣುತ್ತದೆ, ಹುಡುಗ ಜೋರಾಗಿ ನಕ್ಕುಬಿಟ್ಟ. ಆ ಲಾಂಜಿನಲ್ಲಿ ಹಾಗೆ ನಗುವುದು ನಿಯಮಕ್ಕೆ ವಿರುದ್ಧವಿರಬೇಕು. ಪೋರ್ಟಿಕೋದಲ್ಲಿ ಎರಡೂ ಕಡೆಯವರು ರಾಯರಿಗಾಗಿ ಕಾದು ನಿಂತಿದ್ದರು. ಬರಾಕ್ ನದಿಯಲ್ಲಿ ಈ ಸಲ ನೀರು ಎಷ್ಟು ಏರಿತ್ತು ಎಂದು ರಾಯರು ವಿಚಾರಿಸುತ್ತಿದ್ದರು.

ಅವರ ಫೈಲಿನಲ್ಲಿ ಇನ್ನೂ ಎರಡು ತೀರ್ಪುಗಳಿವೆ, ಅವನ್ನು ಯಾರಿಗೂ ತೋರಿಸುವ ಸಂದರ್ಭ ಬಂದಿಲ್ಲ. 1976ರಲ್ಲಿ ಜೈಪುರದ ರಾಮ್‌ಬಾಗ್ ಪ್ಯಾಲೆಸ್ ಹೋಟೆಲಿನ ಕಾರ್ಮಿಕರ ಪ್ರಕರಣದಲ್ಲಿ, ಗಿರಾಕಿ ಕೊಡುವ ಟಿಪ್ಸ್ ಮಾಲೀಕ ಕೊಡುವ ಸಂಬಳದ ಭಾಗವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಟಿಪ್ಸ್ ಬರುತ್ತದಲ್ಲ ಎಂದು ತೋರಿಸಿ ಮಾಲೀಕ ಕೂಲಿಯ ಚೌಕಾಸಿ ಮಾಡುವಂತಿಲ್ಲ. 2016ರಲ್ಲಿ ಐಟಿಸಿ ಕಂಪನಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಾರ್ಡಿನ ಮೂಲಕ ಬಂದು ಹೋಟೆಲು ಹಂಚುವ ಟಿಪ್ಸ್ ಕೂಡ ಸಂಬಳವಲ್ಲ, ಅದರಲ್ಲಿ ಹೋಟೆಲು ಸಂಬಳದ ತೆರಿಗೆ ಮುರಿದುಕೊಳ್ಳಬೇಕಾಗಿಲ್ಲ ಎಂದಿತು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ, ಟಿಪ್ಸ್ ಆಗಲಿ ಸೇವಾ ಶುಲ್ಕವಾಗಲಿ ಪೂರ್ತಿ ನೌಕರರಿಗೇ ಹೋಗಬೇಕು, ಮಾಲೀಕ ಪಾಲು ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನೇ ಜಾರಿಗೆ ಬಂದಿದೆ. ನಮ್ಮಲ್ಲಿ ಬಿಲ್ಲಿನ ಮೇಲೆ ಅಚ್ಚಾದ ಸೇವಾ ಶುಲ್ಕ ಹೋಟೆಲಿನ ಗಲ್ಲಾ ಸೇರುತ್ತದೋ, ಸಿಲ್ಚಾರಿನ ಹುಡುಗನ ಮನೆ ಸೇರುತ್ತದೋ ಬಿಲ್ಲು ನೋಡಿ ಹೇಳುವುದು ಸಾಧ್ಯವಿಲ್ಲ. ರಾಯರು ಮುಕ್ಕಾಲು ಗಂಟೆ ಕೂಗಾಡಿದ್ದು ಆ ಅನುಮಾನದಿಂದ. ಅಷ್ಟು ಜೋರಾಗಿ ಕೂಗಾಡಬೇಕಿರಲಿಲ್ಲ, ಅದೂ ಆ ದಿನ ಅಂತೂ ಖಂಡಿತ ಬೇಡವಾಗಿತ್ತು.

ಇಂಥ ರಾಯರೊಬ್ಬರು ನಿಮ್ಮ ಬಳಗದಲ್ಲೂ ಇದ್ದರೆ ಮದುವೆಯ ಮಾತುಕತೆಗೆ ಕರೆದುಕೊಂಡು ಹೋಗಬೇಡಿ, ಬೇರೆ ದಿನ ಹೋಗಿ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿದ್ದರೆ ಬೇಡವೆಂದು ತೆಗೆಸುವ ಹಕ್ಕು ನಿಮಗಿದೆ. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ತೆಗೆಸಿದ ಮೇಲೆ ಆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಎದ್ದುಬರಬೇಡಿ, ಕಾಫಿ ತಂದವರ ಕೈಗೆ ಕೊಟ್ಟು ಬನ್ನಿ.